ನೂರಕ್ಕೆ ಎಪ್ಪತ್ತೈದು

“ನೂರು ರೂಪಾಯಿಗೆ ಮಾರಿದ್ರೆ ಎಪ್ಪತ್ತೈದು ಉಳೀತದಾ? ಅಂಗಾದ್ರೆ ಯಾರಿಗೋ ಮೋಸ ಆಗ್ತಾ ಐತೆ ಅನ್ನು.”

ಅಪ್ಪ ಇದನ್ನ ಕೋಪದಿಂದ ಹೇಳಲಿಲ್ಲ. ಲೆಕ್ಕ ತಪ್ಪಿದೆ ಅಂತ ಅಂಗಡಿಯವನಿಗೆ ಹೇಳೋ ಥರ ಹೇಳಿದ. 2025ರ ಜೂನ್ ಕೊನೆ. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟದಲ್ಲಿ ಕೂತಿದ್ದೆವು. ತಾತ ಹಾಕಿದ ಮರಗಳು. ಕೆಳಗೆಲ್ಲ ತೋತಾಪುರಿ ಉದುರಿ ಬಿದ್ದು ಹುಳಿ ವಾಸನೆ ಹೊಡೀತಿತ್ತು. ಆ ವರ್ಷ ಕೆ.ಜಿ.ಗೆ ನಾಲ್ಕೈದು ರೂಪಾಯಿಗೂ ಕೇಳೋರಿಲ್ಲ. ಕೀಳಿಸೋ ಕೂಲಿ, ಮಂಡಿಗೆ ಸಾಗಿಸೋ ಬಾಡಿಗೆ ಸೇರಿದರೆ ಕೈಯಿಂದಲೇ ಹಾಕಬೇಕು. ಹಾಗಾಗಿ ಅಪ್ಪ ಕೀಳಿಸೋದನ್ನೇ ನಿಲ್ಲಿಸಿದ್ದ. ಮಾತು ಬದಲಿಸೋಣ ಅಂತ ನಾನು ನನ್ನ ಕಸುಬಿನ ಸುದ್ದಿ ತೆಗೆದೆ. ಚಿಪ್ ಲೋಕದಲ್ಲಿ ಈಗ ಎಂಥ ಸುಗ್ಗಿ ಗೊತ್ತಾ, ಎನ್ವಿಡಿಯಾ ಅಂತ ಒಂದು ಕಂಪನಿ ಇದೆ ಅಂತ ಶುರು ಮಾಡಿದೆ. ಮಾತು ಬದಲಿಸೋಕೆ ಅದಕ್ಕಿಂತ ಕೆಟ್ಟ ವಿಷಯ ಸಿಗ್ತಿರಲಿಲ್ಲ ಅಂತ ಈಗ ಅನ್ನಿಸ್ತದೆ.

ನಾನು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡೋ ಒಂದು ಕಂಪನಿಯಲ್ಲಿ ವೆರಿಫಿಕೇಶನ್ ಎಂಜಿನಿಯರು. ಎನ್ವಿಡಿಯಾದಲ್ಲಲ್ಲ, ಆದರೆ ನಮ್ಮ ಕ್ಷೇತ್ರದವರೆಲ್ಲ ಅದರ ವಾರ್ಷಿಕ ಫಲಿತಾಂಶವನ್ನ ಮಳೆ ನಕ್ಷತ್ರ ನೋಡೋ ಹಾಗೆ ನೋಡ್ತೀವಿ. ನಮ್ಮ ಬೋನಸ್ಸು, ನಮ್ಮ ಷೇರಿನ ಬೆಲೆ, ಮುಂದಿನ ಕೆಲಸ ಎಲ್ಲ ಆ ಗಾಳಿಗೇ ತೂಗೋದು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಅವರ ಆದಾಯ 130.5 ಬಿಲಿಯನ್ ಡಾಲರ್. ನಮ್ಮ ದುಡ್ಡಲ್ಲಿ ಸುಮಾರು 11 ಲಕ್ಷ ಕೋಟಿ ರೂಪಾಯಿ. ಅಪ್ಪನಿಗೆ ಅಂದಾಜಾಗಲಿ ಅಂತ, ಕರ್ನಾಟಕ ಸರ್ಕಾರದ 2025-26ರ ಬಜೆಟ್ಟು 4.09 ಲಕ್ಷ ಕೋಟಿ ಅಂತ ಹೇಳಿದೆ. ಅದಕ್ಕವನು ಹುಬ್ಬು ಕೂಡ ಹಾರಿಸಲಿಲ್ಲ. ದೊಡ್ಡೋರದು ದೊಡ್ಡ ವ್ಯಾಪಾರ, ಇರಲಿ ಅಂದ. ಆದರೆ ಗ್ರಾಸ್ ಮಾರ್ಜಿನ್ ನೂರಕ್ಕೆ ಎಪ್ಪತ್ತೈದು ಅಂದಾಗ ಬೀಡಿ ಆರಿಸಿ ನನ್ನ ಕಡೆ ತಿರುಗಿದ.

ನಾನು ವಿವರಿಸಿದೆ. ಅದು ಪೂರ್ತಿ ಲಾಭ ಅಲ್ಲಪ್ಪ, ಮಾಡಿಸೋ ಖರ್ಚು ಮಾತ್ರ ಕಳೆದರೆ ಉಳಿಯೋದು. ಅದರಲ್ಲಿ ಸಂಶೋಧನೆಗೆ ಸುಮಾರು ಹತ್ತು ಹೋಗುತ್ತೆ, ಮತ್ತೆ ಟ್ಯಾಕ್ಸು, ಆಫೀಸು, ಮಾರಾಟದ ಖರ್ಚು. ಕೊನೆಗೆ ಕೈಗೆ ಸಿಗೋದು ಸುಮಾರು ಐವತ್ತಾರು.

“ಐವತ್ತಾರಾ?” ಅಂದ. ನಾನು ಸಮಾಧಾನ ಮಾಡ್ತಿದ್ದೀನಿ ಅಂದುಕೊಂಡಿದ್ದೆ.

ನಮ್ಮ ಕಡೆ ನೂರಕ್ಕೆ ಇಪ್ಪತ್ತೈದು ಲಾಭ ಇಟ್ಟುಕೊಂಡ ಅಂಗಡಿಯವನನ್ನ ಊರು ಬೈಯುತ್ತೆ. ಐವತ್ತು ಇಟ್ಟುಕೊಂಡವನ ಬಗ್ಗೆ ಅವನ ಹಿಂದೆ ಮಾತಾಡ್ತಾರೆ. ಎಪ್ಪತ್ತೈದಕ್ಕೆ ಬೈಗುಳದಲ್ಲಿ ಪದವೇ ಇಲ್ಲ. ನಾನಿರೋ ಲೋಕದಲ್ಲಿ ಅದಕ್ಕೆ ಪದ ಇದೆ, ‘ಪ್ರೈಸಿಂಗ್ ಪವರ್’. ಮೀಟಿಂಗಿನಲ್ಲಿ ಅದನ್ನ ಹೇಳುವಾಗ ದನಿ ಸ್ವಲ್ಪ ತಗ್ಗುತ್ತೆ, ಗುಡಿಯೊಳಗೆ ಮಾತಾಡಿದ ಹಾಗೆ. ಒಂದೇ ವಿಷಯಕ್ಕೆ ಶ್ರೀನಿವಾಸಪುರದಲ್ಲಿ ಬೈಗುಳ, ಮಾರತ್ತಹಳ್ಳಿಯಲ್ಲಿ ಸ್ತೋತ್ರ. ಎರಡರಲ್ಲಿ ಯಾವುದು ಸರಿ ಅನ್ನೋ ಪ್ರಶ್ನೆ ಅವತ್ತಿನಿಂದ ನನ್ನ ಬಿಟ್ಟಿಲ್ಲ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಬಿಡ್ತೀನಿ. 2023ರ ಜುಲೈ ನಿಮಗೂ ನೆನಪಿರುತ್ತೆ. ಟೊಮೆಟೊ ನೂರರ ಗಡಿ ದಾಟಿದ ಕಾಲ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಲ್ಲಿ ದಿನಕ್ಕೊಂದು ಜೋಕು: ಟೊಮೆಟೊಗೆ ಜಡ್ ಪ್ಲಸ್ ಭದ್ರತೆ, ಮದುವೆಗೆ ಒಡವೆ ಬದಲು ಟೊಮೆಟೊ. ಒಬ್ಬರು “ರೈತರು ಹಗಲು ದರೋಡೆಗಿಳಿದಿದ್ದಾರೆ” ಅಂತ ಬರೆದರು. ನಾನು ಅದಕ್ಕೆ ನಗೋ ಇಮೋಜಿ ಒತ್ತಿದೆ. ಯಾಕೆ ಒತ್ತಿದೆ ಗೊತ್ತಿಲ್ಲ; ಎಲ್ಲರೂ ಒತ್ತಿದ್ದರು. ಆ ವಾರ ಅಪ್ಪನ ಬಾಕ್ಸು ಸಾವಿರದ ಒಂಬೈನೂರಕ್ಕೆ ಹೋಗಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಮುಳಬಾಗಿಲು ತಾಲ್ಲೂಕಿನಲ್ಲಿರೋ ನಮ್ಮ ಮಾವ ಬಿಡಿಸೋ ಕೂಲಿ ಹುಟ್ಟಲ್ಲ ಅಂತ ಇಡೀ ತೋಟಕ್ಕೆ ದನ ಬಿಟ್ಟಿದ್ದ. ಆಗ ನಮ್ಮ ಗುಂಪಿನಲ್ಲಿ ಟೊಮೆಟೊ ಬಗ್ಗೆ ಒಂದು ಮೆಸೇಜೂ ಇರಲಿಲ್ಲ.

ಆಗಸ್ಟ್ ಕೊನೆಗೆ ಎನ್ವಿಡಿಯಾದ ಮೂರು ತಿಂಗಳ ಫಲಿತಾಂಶ ಬಂತು. ಗ್ರಾಸ್ ಮಾರ್ಜಿನ್ 70 ದಾಟಿದ್ದು ಆಗಲೇ. ಆಫೀಸಿನ ಗುಂಪಲ್ಲಿ ಯಾರೋ ಹಾಕಿದರು, ನಾನು ರಾಕೆಟ್ ಇಮೋಜಿ ಒತ್ತಿದೆ. ಅದೇ ಬೆರಳು. ಅಪ್ಪನ ಬೆಲೆಗೆ ನಗು, ಅವರ ಬೆಲೆಗೆ ರಾಕೆಟ್.

ಇದರಲ್ಲಿ ಏನು ವ್ಯತ್ಯಾಸ ಅಂತ ನಾನು ನನಗೇ ವಕೀಲನಾಗಿ ವಾದಿಸಿ ನೋಡಿದ್ದೀನಿ. ಮೊದಲನೇ ವಾದ: ಚಿಪ್ಪಿಗೆ ಬುದ್ಧಿ ಬೇಕು, ರಿಸ್ಕು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಇದು ಸುಳ್ಳಲ್ಲ. ಆ ಕಂಪನಿ ಹುಟ್ಟಿದ್ದು 1993ರಲ್ಲಿ, ವಿಡಿಯೊ ಗೇಮಿನ ಚಿತ್ರ ಬಿಡಿಸೋ ಚಿಪ್ಪಿಗಾಗಿ. ಅದೇ ಚಿಪ್ಪಲ್ಲಿ ಬೇರೆ ಲೆಕ್ಕವನ್ನೂ ಮಾಡಬಹುದು ಅಂತ ಕುಡಾ ಅನ್ನೋ ತಂತ್ರಾಂಶವನ್ನ 2006ರಲ್ಲಿ ಹೊರತಂದಾಗ ಕೊಳ್ಳೋರು ಕ್ಯೂ ನಿಂತಿರಲಿಲ್ಲ. ವರ್ಷಗಟ್ಟಲೆ ಅದಕ್ಕೆ ದುಡ್ಡು ಸುರಿದರು. ಫಲ ಬಂದಿದ್ದು ಎಷ್ಟೋ ಕಾಲ ಆದಮೇಲೆ. ನಮ್ಮ ಕೆಲಸದಲ್ಲಿ ಒಂದು ಸಣ್ಣ ತಪ್ಪು ಕಣ್ತಪ್ಪಿ ಹೋದರೆ ಮಾಸ್ಕು ಮತ್ತೆ ಮಾಡಿಸಬೇಕು, ತಿಂಗಳುಗಳು ಹಾಳು, ಕೋಟಿಗಟ್ಟಲೆ ನಷ್ಟ. ಅದಕ್ಕೇ ನನ್ನಂಥವರಿಗೆ ರಾತ್ರಿ ಎರಡು ಗಂಟೆಗೆ ನಿದ್ದೆ ಬರಲ್ಲ.

ಆದರೆ ಈ ವಾದವನ್ನ ಅಪ್ಪನ ಎದುರು ಇಟ್ಟರೆ ನಿಲ್ಲಲ್ಲ. ತಾತ ಗಿಡ ನೆಟ್ಟಾಗ ಮಾವು ಕಾಯಿ ಬಿಡೋಕೆ ಆರೇಳು ವರ್ಷ ಕಾದ. ಬೋರ್‌ವೆಲ್ಲು ಸಾವಿರದ ಇನ್ನೂರು ಅಡಿ ಇಳಿದಿದೆ. ಅದಕ್ಕೂ ಮೊದಲು ಎರಡು ಬೋರು ಬರೀ ಧೂಳು ಕೊಟ್ಟವು. ಅದು ರಿಸ್ಕಲ್ಲವಾ? ಯಾವ ಜಿಗಿಹುಳಕ್ಕೆ ಯಾವಾಗ ಔಷಧಿ, ಹೂವಿನ ಹೊತ್ತಲ್ಲಿ ಮೋಡ ಕವಿದರೆ ಏನು ಮಾಡಬೇಕು ಅನ್ನೋದು ಜ್ಞಾನ ಅಲ್ಲವಾ? ತಾಳ್ಮೆಗೆ, ರಿಸ್ಕಿಗೆ ಸಿಗೋ ಸಂಭಾವನೆ ಲಾಭ ಅನ್ನೋದಾದರೆ ಕೋಲಾರ ಜಿಲ್ಲೆಯಲ್ಲಿ ಮನೆಗೊಬ್ಬ ಶ್ರೀಮಂತ ಇರಬೇಕಿತ್ತು.

ಇನ್ನೊಂದು ವಾದ: ಜಗತ್ತಿಗೆ ಯಾವುದು ಬೇಕೋ ಅದಕ್ಕೆ ಬೆಲೆ. ಇದಕ್ಕೆ ಉತ್ತರ ನನ್ನ ಕ್ಷೇತ್ರದ ಒಳಗೇ ಇದೆ. ಚಿಪ್ಪುಗಳಲ್ಲೂ ಟೊಮೆಟೊ ಇದೆ ಸ್ವಾಮಿ. ಅದರ ಹೆಸರು ಮೆಮೊರಿ. ನಿಮ್ಮ ಫೋನು, ಲ್ಯಾಪ್‌ಟಾಪು, ಸರ್ವರು ಯಾವುದೂ ಮೆಮೊರಿ ಇಲ್ಲದೆ ಒಂದು ಕ್ಷಣ ನಡೆಯಲ್ಲ. ಮಾಡೋದು ಸುಲಭವೂ ಅಲ್ಲ. ಆದರೆ ಒಬ್ಬರ ಮೆಮೊರಿಗೂ ಇನ್ನೊಬ್ಬರದಕ್ಕೂ ಕೊಳ್ಳುವವನಿಗೆ ಅಂಥಾ ವ್ಯತ್ಯಾಸ ಇಲ್ಲ. ಮಂಡಿಯಲ್ಲಿ ಸುರಿದ ಹಾಗೆ. ಅಮೆರಿಕದ ಮೈಕ್ರಾನ್ ಕಂಪನಿಯ ಲೆಕ್ಕ ನೋಡಿ: 2022ರ ಆರ್ಥಿಕ ವರ್ಷದಲ್ಲಿ ಆದಾಯ 30.8 ಬಿಲಿಯನ್ ಡಾಲರ್, ಮರುವರ್ಷ ಅದು ಅರ್ಧಕ್ಕೆ ಇಳಿದು 15.5. ನಷ್ಟ 5.8 ಬಿಲಿಯನ್. ಗ್ರಾಸ್ ಮಾರ್ಜಿನ್ ಸೊನ್ನೆಗಿಂತ ಕೆಳಗೆ, ಅಂದರೆ ಮಾಡಿದ ಖರ್ಚಿಗಿಂತ ಕಡಿಮೆಗೆ ಮಾರಿದರು. ಕೋಲಾರದಲ್ಲಿ ಟೊಮೆಟೊ ಚಿನ್ನವಾಗಿದ್ದ ಬೇಸಿಗೆಯಲ್ಲೇ ಬಾಯ್ಸಿಯಲ್ಲಿ ಮೆಮೊರಿ ಬೀದಿಗೆ ಬಿದ್ದಿತ್ತು. ಆ ವರ್ಷ ಜಗತ್ತಿಗೆ ಮೆಮೊರಿ ಬೇಡವಾಗಿತ್ತಾ? ಬೇಕಾಗಿತ್ತು. ಅದನ್ನ ಕೊಡೋರು ಜಾಸ್ತಿ ಆಗಿದ್ದರು, ಅಷ್ಟೆ.

ಆದರೆ ಮುಂದೆ ಏನಾಯಿತು ಅನ್ನೋದರಲ್ಲಿ ನನಗೆ ಆಸಕ್ತಿ. ಮೈಕ್ರಾನ್ ಉತ್ಪಾದನೆ ತಗ್ಗಿಸಿತು. ಗೋದಾಮಿನ ಸರಕಿನ ಬೆಲೆಯನ್ನ ಒಂದೇ ಕ್ವಾರ್ಟರಿನಲ್ಲಿ 1.4 ಬಿಲಿಯನ್ ಡಾಲರಿನಷ್ಟು ಪುಸ್ತಕದಲ್ಲಿ ಇಳಿಸಿತು. ಕೂತು ಕಾದಿತು. ಅದೇ ನಷ್ಟದ ವರ್ಷ, 2023ರ ಜೂನ್‌ನಲ್ಲಿ, ಗುಜರಾತಿನ ಸಾಣಂದದಲ್ಲಿ ಕಾರ್ಖಾನೆ ಹಾಕೋದಾಗಿ ಘೋಷಿಸಿತು. ಯೋಜನೆಯ ಖರ್ಚಿನ ಅರ್ಧ ನಮ್ಮ ಕೇಂದ್ರ ಸರ್ಕಾರದ್ದು, ನೂರಕ್ಕೆ ಇಪ್ಪತ್ತು ಗುಜರಾತಿನದು. 2025ರ ಹೊತ್ತಿಗೆ ಮೈಕ್ರಾನಿನ ಆದಾಯ 37 ಬಿಲಿಯನ್ ದಾಟಿತು. ನಷ್ಟ ಅನ್ನೋದು ಅವರಿಗೆ ಒಂದು ಕಾಲಮಾನ, ಬಂದು ಹೋಗುತ್ತೆ. ಮಾವನಿಗೆ 2023ರ ಮೇ ತಿಂಗಳ ಸಾಲ ಇನ್ನೂ ಬಡ್ಡಿ ತಿನ್ನುತ್ತಿದೆ. ಜುಲೈ ಬೆಲೆ ಅವನಿಗೆ ಸಿಗಲಿಲ್ಲ. ದನ ಮೇಯ್ದ ತೋಟದಲ್ಲಿ ಜುಲೈಗೆ ಏನಿರುತ್ತೆ?

ಹಾಗಾಗಿ ನನಗೆ ಹೊಳೆದದ್ದು ಇದು. ಮಾರ್ಜಿನ್ ಅಂದರೆ ಶ್ರಮದ ಅಳತೆ ಅಲ್ಲ, ಬುದ್ಧಿಯ ಅಳತೆಯೂ ಪೂರ್ತಿ ಅಲ್ಲ. ಯಾರು ಯಾರನ್ನ ಕಾಯಿಸಬಲ್ಲರು ಅನ್ನೋದರ ಅಳತೆ. ಎನ್ವಿಡಿಯಾ ತನ್ನ ಗಿರಾಕಿಯನ್ನ ಕಾಯಿಸಬಲ್ಲದು. ಮೈಕ್ರೋಸಾಫ್ಟು, ಮೆಟಾದಂಥವರೇ ಸರದಿ ನಿಂತರು. ಅಪ್ಪನನ್ನ ಟೊಮೆಟೊನೇ ಕಾಯಿಸಲ್ಲ. ಬೆಳಗ್ಗೆ ಹರಾಜಿನಲ್ಲಿ ಕೂಗಿದ ಬೆಲೆ ಒಪ್ಪಿಗೆ ಆಗದಿದ್ದರೆ ವಾಪಸ್ ತರೋ ಹಾಗಿಲ್ಲ, ಸಂಜೆಗೆ ಅದು ಮೆತ್ತಗಾಗುತ್ತೆ.

ಇದನ್ನ ದೊಡ್ಡ ಸತ್ಯ ಕಂಡುಹಿಡಿದವನ ಥರ ಮಾಲೂರಿನ ಗೆಳೆಯನಿಗೆ ಹೇಳಿದೆ. ಅವರದು ಇಟ್ಟಿಗೆ ಗೂಡು. ಮಾಲೂರು ಅಂದರೆ ಇಟ್ಟಿಗೆ, ಹೆಂಚು; ಬೆಂಗಳೂರಿನ ಎಷ್ಟೋ ಗೋಡೆಯೊಳಗೆ ಆ ಮಣ್ಣಿದೆ. ಅವನು ನಕ್ಕುಬಿಟ್ಟ.

“ನಮ್ ಇಟ್ಟಿಗೆ ಕೊಳಿಯುತ್ತೇನೋ? ಹತ್ತು ವರ್ಷ ಮಡಗು, ಅಂಗೇ ಇರ್ತದೆ. ನಂಗೆ ಎಲ್ಲಿ ಐತೆ ಎಪ್ಪತ್ತೈದು? ಏಳು ಬಂದ್ರೆ ಗಣಪತಿಗೆ ಕಾಯಿ ಒಡೀತೀನಿ.”

ಮಾತು ನಿಜ. ನನ್ನ ಸಿದ್ಧಾಂತ ಅಲ್ಲೇ ಕುಂಟಿತು. ಇಬ್ಬರೂ ಟೀ ಕುಡಿಯುತ್ತ ಅದನ್ನ ರಿಪೇರಿ ಮಾಡಿದೆವು. ಇಟ್ಟಿಗೆ ಕಾಯುತ್ತೆ, ಆದರೆ ಅವನ ಸಾಲ ಕಾಯಲ್ಲ, ಗೂಡಿನ ಕೆಲಸದವರ ವಾರದ ಬಟವಾಡೆ ಕಾಯಲ್ಲ. ಮತ್ತೆ ಗಿರಾಕಿಗೆ ಅವನನ್ನೇ ಕಾಯೋ ಅಗತ್ಯ ಇಲ್ಲ, ಪಕ್ಕದಲ್ಲೇ ಇನ್ನೊಂದು ಗೂಡಿದೆ. ಎನ್ವಿಡಿಯಾದ ಪಕ್ಕದಲ್ಲಿ ಇನ್ನೊಂದು ಗೂಡು ಹಾಕೋಕೆ ಹತ್ತು ವರ್ಷ ಬೇಕು. ಅಪ್ಪನ ಟೊಮೆಟೊ ಲಾಭದ ಸುದ್ದಿ ಕೇಳಿ ಇಡೀ ಜಿಲ್ಲೆ ಮೂರು ತಿಂಗಳಲ್ಲಿ ಟೊಮೆಟೊ ತಂದು ಸುರಿಯಬಹುದು. ಸುರಿಯುತ್ತೆ ಕೂಡ. ಲಾಭವೇ ಮುಂದಿನ ನಷ್ಟದ ಬೀಜ. ಚಿಪ್ಪಿಗೂ ಇದೇ ನಿಯಮ ಅಂತ ಅರ್ಥಶಾಸ್ತ್ರ ಓದಿದವರು ಹೇಳ್ತಾರೆ, ಹೆಚ್ಚು ಲಾಭ ಇದ್ದ ಕಡೆ ಪೈಪೋಟಿ ಬಂದೇ ಬರುತ್ತೆ ಅಂತ. ಬರಬಹುದು. ಆದರೆ ಅದು ಬರೋವರೆಗಿನ ಹತ್ತು ವರ್ಷದ ಲಾಭ ಒಬ್ಬರ ಜೇಬಲ್ಲಿ, ಇಲ್ಲಿ ಮೂರು ತಿಂಗಳದು ಇನ್ನೊಬ್ಬರ ಜೇಬಲ್ಲಿ. ನಿಯಮ ಒಂದೇ ಇರಬಹುದು, ಗಡಿಯಾರ ಬೇರೆ ಬೇರೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎನ್ವಿಡಿಯಾಕ್ಕೆ ಸ್ವಂತ ಚಿಪ್ ಕಾರ್ಖಾನೆ ಇಲ್ಲ. ವಿನ್ಯಾಸ ಅವರದು, ತಯಾರಿಸೋದು ಮುಖ್ಯವಾಗಿ ತೈವಾನಿನ ಟಿಎಸ್‌ಎಂಸಿ. ಅವರ ಗ್ರಾಸ್ ಮಾರ್ಜಿನ್ 2024ರಲ್ಲಿ 56; ಅವರೂ ಕಾಯಿಸಬಲ್ಲವರೇ. ಅಲ್ಲಿಂದ ಸರಪಳಿ ಹಿಡಿದು ಕೆಳಗೆ ಇಳಿಯುತ್ತ ಬಂದರೆ, ಬಿಡಿಭಾಗ ಜೋಡಿಸಿ ಪೆಟ್ಟಿಗೆ ಮಾಡೋರ ಹತ್ತಿರ ಅದು ಕರಗಿಹೋಗುತ್ತೆ. ಜಗತ್ತಿನ ಅತಿ ದೊಡ್ಡ ಜೋಡಣೆ ಕಂಪನಿ ಫಾಕ್ಸ್‌ಕಾನಿನದು ನೂರಕ್ಕೆ ಆರರ ಆಸುಪಾಸು. ನಮ್ಮ ಜಿಲ್ಲೆಗೆ ಈ ಸರಪಳಿಯಲ್ಲಿ ಸಿಕ್ಕಿರೋದು ಆ ತುದಿಯೇ. ಹೊಸಕೋಟೆ ದಾಟಿ ಕೋಲಾರಕ್ಕೆ ಬರುವಾಗ ಹೆದ್ದಾರಿ ಪಕ್ಕ ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಇದೆ. ವಿಸ್ಟ್ರಾನ್ ಕಂಪನಿಯದಾಗಿತ್ತು, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡಿತು. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಅಲ್ಲಿ ಗಲಾಟೆ ಆಗಿ ಗಾಜುಗಳು ಒಡೆದಾಗ ಎಲ್ಲ ಚಾನೆಲ್ಲುಗಳೂ ಒಡೆದ ಗಾಜನ್ನ ತೋರಿಸಿದವು. ತೆಳು ಮಾರ್ಜಿನ್ನಿನ ಜಾಗದಲ್ಲಿ ಹಿಂಡೋಕೆ ಉಳಿದಿರೋದು ಕೂಲಿ ಒಂದೇ ಅನ್ನೋದು ತೋರಿಸೋಕೆ ಕಷ್ಟ, ಅದಕ್ಕೆ ದೃಶ್ಯ ಇಲ್ಲ.

ಮಾವಿನ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕೆಂದರೆ 2025ರ ಬೇಸಿಗೆ ಈ ಎರಡೂ ಲೋಕವನ್ನ ನನ್ನ ಮುಂದೆ ಪಕ್ಕಪಕ್ಕ ತಂದು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ, ಚೀನಾಕ್ಕಂತಲೇ ಮಾಡಿದ್ದ ಎಚ್20 ಅನ್ನೋ ಚಿಪ್ಪನ್ನ ಲೈಸೆನ್ಸ್ ಇಲ್ಲದೆ ಅಲ್ಲಿಗೆ ಕಳಿಸೋ ಹಾಗಿಲ್ಲ ಅಂತ ಎನ್ವಿಡಿಯಾಕ್ಕೆ ಹೇಳಿತು. ಸರಕು ಗೋದಾಮಿನಲ್ಲಿ, ಗಿರಾಕಿ ಗಡಿಯ ಆಚೆ. ಜೂನ್ ಮೊದಲ ವಾರದಲ್ಲಿ ಚಿತ್ತೂರು ಜಿಲ್ಲಾಡಳಿತ, ಹೊರರಾಜ್ಯದ ತೋತಾಪುರಿ ಒಳಗೆ ಬರೋ ಹಾಗಿಲ್ಲ ಅಂತ ಆದೇಶ ಮಾಡಿತು. ನಮ್ಮ ತೋತಾಪುರಿಗೆ ಚಿತ್ತೂರಿನ ಪಲ್ಪ್ ಕಾರ್ಖಾನೆಗಳೇ ಗತಿ. ಅಲ್ಲಿಯ ಬೆಳೆಗಾರರಿಗೂ ಬೆಲೆ ಬಿದ್ದಿತ್ತು, ಅವರನ್ನ ಕಾಪಾಡೋಕೆ ಆ ಸರ್ಕಾರ ಹಾಗೆ ಮಾಡಿತು. ಅವರನ್ನ ನಾನು ಬೈಯಲ್ಲ. ನಮ್ಮ ಮನೆಯಲ್ಲಿ ಅರ್ಧ ಮಾತು ತೆಲುಗಲ್ಲೇ ನಡೆಯೋದು, ಅಮ್ಮನ ತವರು ಗಡಿಯ ಆಚೆ. ಆದರೂ ಅವತ್ತು ಗಡಿ ಗಡಿಯೇ. ಅಲ್ಲಿ ಲಾರಿ ನಿಂತಿತು.

ಎರಡು ಸರಕು, ಎರಡಕ್ಕೂ ಸರ್ಕಾರವೇ ಅಡ್ಡ ನಿಂತಿದ್ದು. ಎನ್ವಿಡಿಯಾ ಆ ಕ್ವಾರ್ಟರಿನಲ್ಲಿ ಎಚ್20ಗಾಗಿ 4.5 ಬಿಲಿಯನ್ ಡಾಲರ್ ಖರ್ಚು ಬರೆದುಕೊಂಡಿತು. ನಮ್ಮ ದುಡ್ಡಲ್ಲಿ ಮೂವತ್ತೆಂಟು ಸಾವಿರ ಕೋಟಿ. ಬರೆದುಕೊಂಡ ಮೇಲೂ ಅದರ ಗ್ರಾಸ್ ಮಾರ್ಜಿನ್ 60.5! ಅಷ್ಟು ನುಂಗಿಯೂ ಆ ಮೂರು ತಿಂಗಳ ನಿವ್ವಳ ಲಾಭ 18.8 ಬಿಲಿಯನ್. ಜುಲೈ ಮಧ್ಯದಲ್ಲಿ, ಲೈಸೆನ್ಸ್ ಕೊಡ್ತೀವಿ ಅಂತ ಸರ್ಕಾರ ಭರವಸೆ ಕೊಟ್ಟಿದೆ ಅಂತ ಕಂಪನಿ ಹೇಳಿತು. ಚಿಪ್ಪು ಅಲ್ಲೀವರೆಗೆ ಗೋದಾಮಿನಲ್ಲಿ ಹಾಗೇ ಕೂತಿತ್ತು.

ಇಲ್ಲಿ ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಬೆಳೆಗಾರರು ಬೀದಿಗಿಳಿದರು. ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಇಟ್ಟು, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡೋ ಯೋಜನೆಗೆ ಒಪ್ಪಿತು. ಎಲ್ಲರೂ ಏನೋ ಮಾಡಿದರು, ಯಾರೂ ಮಾಡಲಿಲ್ಲ ಅಂತ ಹೇಳೋ ಹಾಗಿಲ್ಲ. ಆದರೆ ಮರದ ಮೇಲಿನ ಕಾಯಿ ಯಾರ ಪತ್ರಕ್ಕೂ ಕಾಯಲ್ಲ. ಆ ಹೊತ್ತಿಗೆ ನಮ್ಮ ತೋಟದಲ್ಲಿ ಅರ್ಧ ಕಾಯಿ ನೆಲದ ಮೇಲಿತ್ತು.

ಕಾಯೋ ಶಕ್ತಿಯ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಕತೆ ಇದೆ, ಸ್ವಲ್ಪ ದಾರಿ ತಪ್ಪಿ ಹೇಳ್ತೀನಿ. ಕೆಜಿಎಫ್‌ನ ಗಣಿಯಿಂದ ಸುಮಾರು ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದರು. ಒಳ್ಳೆ ಕಾಲದ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. ಗಣಿ ಮೂರು ಕಿಲೊಮೀಟರಿಗೂ ಆಳ ಇಳಿದು, ಅದಿರಲ್ಲಿ ಚಿನ್ನ ಕಮ್ಮಿ ಆಗಿ, ತೆಗೆಯೋ ಖರ್ಚು ಬೆಲೆಗಿಂತ ಜಾಸ್ತಿ ಆದಾಗ ಗಣಿ ನಮ್ಮ ಸರ್ಕಾರದ ಕೈಯಲ್ಲಿತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಆಗ ಹತ್ತು ಗ್ರಾಂ ಚಿನ್ನ ನಾಲ್ಕು ಸಾವಿರ ಚಿಲ್ಲರೆ. ಈಗ ಲಕ್ಷ ದಾಟಿದೆ. ಚಿನ್ನದಂಥ ಚಿನ್ನ ನೆಲದಡಿ ಎಷ್ಟು ಕಾಲ ಬೇಕಾದರೂ ಕಾಯುತ್ತೆ. ಅದನ್ನ ತೆಗೆಯೋ ಮನುಷ್ಯನಿಗೆ ಒಂದು ತಿಂಗಳ ರೇಷನ್ನಿನಷ್ಟು ಕಾಯೋಕೂ ಆಗಲಿಲ್ಲ. ಅವರ ಮಕ್ಕಳು ಇವತ್ತಿಗೂ ಬೆಳಗಿನ ಜಾವ ಬೆಂಗಳೂರು ರೈಲು ಹತ್ತುತ್ತಾರೆ.

ಹಾಗಾದರೆ ಅಪ್ಪನ ಮೊದಲ ಮಾತು ಸರಿಯಾ? ಎಪ್ಪತ್ತೈದು ಅಂದರೆ ಯಾರಿಗೋ ಮೋಸವಾ? ನಾನು ಹಾಗೆ ಹೇಳಲ್ಲ. ಕೊಳ್ಳೋರು ಕಣ್ಣು ತೆರೆದೇ ಕೊಳ್ತಾರೆ, ಅವರೂ ಬಡವರಲ್ಲ. ಯಾರ ತಲೆಗೂ ಯಾರೂ ಬಂದೂಕು ಇಟ್ಟಿಲ್ಲ. ಮೋಸ ಅಲ್ಲ. ಆದರೆ ಅರ್ಹತೆಯೂ ಅಲ್ಲ. ನನಗೆ ಕಷ್ಟ ಆಗೋದು ಈ ಎರಡನೇದು ಒಪ್ಪಿಕೊಳ್ಳೋಕೆ. ಯಾಕೆಂದರೆ ಆ ಮಾರ್ಜಿನ್ನಿನ ಚೂರೊಂದು ನನ್ನ ಸಂಬಳದಲ್ಲಿದೆ. ನಾನು ರಾತ್ರಿ ಎರಡಕ್ಕೆ ಎದ್ದು ಸಿಮ್ಯುಲೇಶನ್ ನೋಡೋದು ನಿಜ. ಅಪ್ಪನೂ ರಾತ್ರಿ ಎರಡಕ್ಕೆ ಏಳ್ತಾನೆ, ತ್ರೀ ಫೇಸ್ ಕರೆಂಟು ಆಗಲೇ ಬರೋದು. ಅವನ ಎರಡು ಗಂಟೆಗೂ ನನ್ನ ಎರಡು ಗಂಟೆಗೂ ಇರೋ ಬೆಲೆಯ ವ್ಯತ್ಯಾಸವನ್ನ ನಾನು ಇಷ್ಟು ವರ್ಷ ‘ಮೆರಿಟ್’ ಅಂತ ಕರೀತಾ ಬಂದಿದ್ದೆ. ಯಾರೋ ನನ್ನ ಕಂಪನಿಗೋಸ್ಕರ ಕಾಯಬೇಕಾಗಿದೆ, ಅವನಿಗೋಸ್ಕರ ಯಾರೂ ಕಾಯಬೇಕಾಗಿಲ್ಲ ಅನ್ನೋದು ಅದರಲ್ಲಿ ದೊಡ್ಡ ಪಾಲು.

ಹಾಗಂತ ಕೆಲಸ ಬಿಟ್ಟು ಬರ್ತೀನಿ ಅಂತಲ್ಲ. ಅಂಥ ನಾಟಕದಿಂದ ಯಾರಿಗೂ ಒಂದು ಬಾಕ್ಸಿನ ಬೆಲೆಯೂ ಏರಲ್ಲ. ನನಗೆ ಆ ಕ್ಷಣ ಹೊಳೆದಿದ್ದು ಸುಲಭದ ಪರಿಹಾರ: ಸ್ವಲ್ಪ ಷೇರು ಮಾರಿ ಅಪ್ಪನ ಈ ವರ್ಷದ ನಷ್ಟ ತುಂಬಿಕೊಡೋದು. ಹೇಳಿದೆ.

“ಈ ವರ್ಷ ಕೊಡ್ತೀಯ. ಬರೋ ವರ್ಷ?”

“ಬರೋ ವರ್ಷಾನೂ ಕೊಡ್ತೀನಿ.”

“ಅಂಗಾದ್ರೆ ನಾನು ಬೆಳೆಗಾರ ಅಲ್ಲ. ನಿನ್ನ ತಾವ ಸಂಬಳಕ್ಕಿರೋನು.” ಸ್ವಲ್ಪ ಹೊತ್ತು ಬಿಟ್ಟು, “ಮರ ಕಡೀಬೇಕು ಅಂತಿದೀನಿ” ಅಂದ. ಲೇಔಟಿನವರು ಎರಡು ಸಲ ಬಂದು ಹೋಗಿದ್ದರಂತೆ. ನನಗೆ ಹೇಳಿರಲಿಲ್ಲ.

ಕಡಿಯೋ ಮೊದಲು ಒಂದು ಸಲ ಸರಿಯಾಗಿ ಲೆಕ್ಕ ನೋಡೋಣ ಅಂದೆ. ಕಾಯೋ ಶಕ್ತಿ ಕೊಳ್ಳೋಕೆ ಎಷ್ಟಾಗುತ್ತೆ ಅನ್ನೋದು ನನ್ನ ತಲೆಯಲ್ಲಿತ್ತು. ಇನ್ನೂ ಐದಾರು ಜನ ಸೇರಿ ಒಂದು ಸಣ್ಣ ಕೋಲ್ಡ್ ಸ್ಟೋರೇಜು, ಅಥವಾ ಒಂದಿಷ್ಟು ಮರಕ್ಕೆ ಬಾದಾಮಿ ಕಸಿ, ನಷ್ಟ ತುಂಬೋ ದುಡ್ಡನ್ನ ಅದಕ್ಕೆ ಹಾಕಬಹುದಾ ಅಂತ. ಅಪ್ಪ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಒಳಗಿನಿಂದ ಲೆಕ್ಕದ ಪುಸ್ತಕ ತಂದುಕೊಟ್ಟ. ಹಳೇ ಡೈರಿ, ಗೊಬ್ಬರದಂಗಡಿಯವರು ಕೊಟ್ಟಿದ್ದು. ಗೊಬ್ಬರ, ಔಷಧಿ, ಡ್ರಿಪ್ಪು, ಆಳು, ಲಗೇಜು, ಕಮಿಷನ್ನು ಎಲ್ಲ ಒಪ್ಪವಾಗಿ ಬರೆದಿದ್ದ. ಆದಾಯದಲ್ಲಿ ಇವನ್ನ ಕಳೆದರೆ, 2023ರಲ್ಲಿ ಚೆನ್ನಾಗೇ ಉಳಿದಿತ್ತು. ಬೇರೆ ವರ್ಷಗಳಲ್ಲೂ ಸ್ವಲ್ಪ ಸ್ವಲ್ಪ.

ಆದರೆ ಅದರಲ್ಲಿ ಅವನ ಕೂಲಿ ಇರಲಿಲ್ಲ. ಅಮ್ಮನದೂ ಇರಲಿಲ್ಲ. ಯಾವ ಕಂಪನಿಯ ಲೆಕ್ಕದಲ್ಲೂ ಸಂಬಳ ಬಿಟ್ಟು ಲಾಭ ತೋರಿಸಿದರೆ ಆಡಿಟರು ಸುಮ್ಮನಿರಲ್ಲ. ನಾನು ಲ್ಯಾಪ್‌ಟಾಪ್ ತೆಗೆದು ಎರಡು ಕಾಲಮ್ಮು ಸೇರಿಸಿದೆ. ವರ್ಷಕ್ಕೆ ಇನ್ನೂರ ಐವತ್ತು ದಿನ ಇಬ್ಬರದೂ, ಊರಿನ ಕೂಲಿ ದರದಲ್ಲಿ. ಎಂಟರ್ ಒತ್ತಿದ ತಕ್ಷಣ ಐದು ವರ್ಷದಲ್ಲಿ ನಾಲ್ಕು ಕೆಂಪಾದವು. ಅಪ್ಪ ಪರದೆಯನ್ನ ತುಂಬ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. “ಇದನ್ನ ನಿಮ್ಮಮ್ಮಂಗೆ ತೋರಿಸಬೇಡ” ಅಂದ.

ಅಮ್ಮ ಅಷ್ಟರಲ್ಲಿ ಟೀ ತಗೊಂಡು ಹಿಂದೆ ಬಂದು ನಿಂತಿದ್ದಳು. ಅವಳಿಗೆ ಕೆಂಪು ಹಸಿರಿನ ಮೇಲೆ ಆಸಕ್ತಿ ಇರಲಿಲ್ಲ. ತನ್ನ ಹೆಸರಿನ ಕಾಲಮ್ಮಿನ ಮೇಲೆ ಬೆರಳಿಟ್ಟಳು.

“ನಂಗೆ ದಿನಕ್ಕೆ ಎಷ್ಟು ಹಾಕಿದೀಯ?”

“ನಾನೂರು.”

“ನಿಮ್ಮಪ್ಪಂಗೆ?”

“ಆರುನೂರು.” ಊರಲ್ಲಿ ಹೆಣ್ಣಾಳಿಗೆ, ಗಂಡಾಳಿಗೆ ನಡೆಯೋ ದರ ಅದೇ. ನಾನು ಯೋಚನೆ ಕೂಡ ಮಾಡದೆ ಹಾಕಿದ್ದೆ.

“ಹಾಲು ಕರೆಯೋದು ಯಾರು? ಬೆಳಗ್ಗೆ ಬಾಕ್ಸು ತುಂಬೋದು ಯಾರು?” ಅಂದಳು. ಟೀ ಲೋಟ ನನ್ನ ಪಕ್ಕ ಇಟ್ಟು ಅಲ್ಲೇ ನಿಂತಳು, ನಾನು ಏನು ಟೈಪ್ ಮಾಡ್ತೀನಿ ಅಂತ ನೋಡೋಕೆ.